ಔಟ್‌ಲ್ಯಾಂಡರ್: ಅಮ್ಮನ ಜೊತೆ ನೋಡಬಹುದಾ?

ಔಟ್‌ಲ್ಯಾಂಡರ್ ಟಿವಿ ಸರಣಿಯ ಮೊದಲ ಸೀಸನ್ ಅಮ್ಮನ ಜೊತೆ ನೋಡಬಹುದಾ, ವಿಮರ್ಶೆಗಳು ಯಾಕೆ ಒಂದಕ್ಕೊಂದು ಹೊಂದುವುದಿಲ್ಲ ಅಂತ ಕೇಳಿದ್ದೀರಿ. ಒಬ್ಬರು ಐದು ಸ್ಟಾರ್, ಇನ್ನೊಬ್ಬರು ಒಂದೇ ಸ್ಟಾರ್ ಕೊಟ್ಟಿರುವುದು ಬಹುಶಃ ಬೇರೆ ಬೇರೆ ಕಂತುಗಳಿಗೆ. 2014ರಲ್ಲಿ ವಿಮರ್ಶಕರು ಹೊಗಳಿದ್ದು ಶುರುವಿನ ಕಂತುಗಳನ್ನು. 1945ರ ನರ್ಸ್ ಕ್ಲೇರ್ 1743ರ ಸ್ಕಾಟ್ಲೆಂಡಿಗೆ ಹೋಗಿ ಬೀಳುವ ಭಾಗ ಅದು. ನೋಡಿದವರಿಗೆ ಸಿಟ್ಟು ಜಾಸ್ತಿ ಇರುವುದು 9ನೇ ಕಂತಿನಲ್ಲಿ ಕ್ಲೇರ್‌ಗೆ ಗಂಡ ಬೆಲ್ಟಿನಿಂದ ಹೊಡೆಯುವುದಕ್ಕೆ, 15 ಮತ್ತು 16ರಲ್ಲಿನ ಜೈಲಿನ ಲೈಂಗಿಕ ಹಿಂಸೆಗೆ.

ಮೊದಲು ವಿಮರ್ಶೆಯ ದಿನಾಂಕ ನೋಡಿ. ಆಮೇಲೆ ಇಡೀ ಸೀಸನ್‌ನ ಅಂಕ ಬಿಟ್ಟು ಒಂದೊಂದು ಕಂತಿನ ಅಭಿಪ್ರಾಯ ಓದಿ. ನಂತರ ಎರಡು ಕಂತು ನೀವೊಬ್ಬರೇ ನೋಡಿ. ನಿಧಾನ ಅನ್ನಿಸುತ್ತದೆ, ಆದರೆ ಆ ಗುಡ್ಡಗಳನ್ನು ನೋಡುತ್ತಾ ಕೂತುಬಿಡಬಹುದು! ಅಮ್ಮನಿಗೆ ಹಿಡಿಸುತ್ತದೋ ಇಲ್ಲವೋ ನಾನು ಹೇಳಲಾರೆ. 7ನೇ ಕಂತು ಮಾತ್ರ ಪೂರ್ತಿ ಮದುವೆ ರಾತ್ರಿಯದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.