ಕಡಲಮ್ಮ ಬೇಡ, ಆ ಎರಡು ದಿನ ಬರೆಯಿರಿ

ನಮಸ್ಕಾರ,

ಕಡಲು ಬಿಸಿಯಾಗಿ, ಹುಳಿಯಾಗಿ, ಚಿಪ್ಪುಜೀವಿಗಳ ಮರಿಗಳು ಸಾಯುತ್ತಿರುವ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ, ಯಾಕೆಂದರೆ ನಾಲ್ಕನೇ ಪುಟದ ನಡುವೆ ಒಂದು ಸಾಲು ಇದೆ: "ಸಿಂಪಿಯ ಮರಿ ಎರಡು ದಿನದೊಳಗೆ ಚಿಪ್ಪು ಕಟ್ಟಿಕೊಳ್ಳಬೇಕು." ಇಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ.

ಅದಕ್ಕೆ ಮುಂಚಿನ ಮೂರು ಪುಟದಲ್ಲಿ ಕಡಲು ಅಳುತ್ತದೆ, ಭೂಮಿ ನರಳುತ್ತದೆ, ಮನುಷ್ಯನ ದುರಾಸೆಗೆ ಕೊನೆಯಿಲ್ಲ. "ಕಡಲಮ್ಮ" ಹದಿನೇಳು ಸಲ ಬಂದಿದೆ. ಎಣಿಸಿದೆ, ಬೇಜಾರು ಮಾಡ್ಕೋಬೇಡಿ. ಆ ಮೂರೂ ಪುಟ ತೆಗೆಯಿರಿ.

ಈಗ ತಪ್ಪುಗಳು. "ಸಮುದ್ರ ಆಮ್ಲವಾಗಿಬಿಟ್ಟಿದೆ" ಅಂತ ಬರೆದಿದ್ದೀರಿ. ಇಲ್ಲ, ಕಡಲ ನೀರು ಇವತ್ತಿಗೂ ಕ್ಷಾರವೇ. ಕೈಗಾರಿಕೆಗಳು ಶುರುವಾಗುವ ಮುಂಚೆ ಮೇಲ್ನೀರಿನ ಪಿಎಚ್ (7ಕ್ಕಿಂತ ಮೇಲಿದ್ದರೆ ಕ್ಷಾರ, ಕೆಳಗಿದ್ದರೆ ಆಮ್ಲ ಅಂತ ತೋರಿಸುವ ಅಳತೆ) ಸುಮಾರು 8.2 ಇತ್ತು, ಈಗ ಸುಮಾರು 8.1. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಪಿಎಚ್ ಲೆಕ್ಕ ಲಾಗರಿದಮ್‌ದು, ಒಂದಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು, ಹಾಗಾಗಿ ಆಮ್ಲತೆ ತರುವ ಹೈಡ್ರೋಜನ್ ಅಯಾನುಗಳು ಶೇ. 30ರ ಹತ್ತಿರ ಜಾಸ್ತಿಯಾದ ಹಾಗಾಯಿತು. ಆಮ್ಲೀಕರಣ ಅಂದರೆ ಆಮ್ಲದ ಕಡೆಗೆ ಜರುಗುವುದು. ಇದನ್ನು ಒಂದು ಸಾಲಲ್ಲಿ ಹೇಳದೆ ಹೋದರೆ ವಿಷಯ ಗೊತ್ತಿರುವ ಓದುಗ ಅಲ್ಲೇ ಪುಟ ಮಡಚುತ್ತಾನೆ.

"ನಿಂಬೆರಸಕ್ಕೆ ಹಾಕಿದಂತೆ ಮರಿಗಳ ಚಿಪ್ಪು ಕರಗುತ್ತದೆ" ಅನ್ನುವ ಹೋಲಿಕೆಯೂ ಬೇಡ. ಮರಿಯ ಕಷ್ಟ ಕರಗುವುದಕ್ಕಿಂತ ಮೊದಲೇ ಶುರುವಾಗುತ್ತದೆ, ಕಟ್ಟುವಾಗಲೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ, ಅದು ಬಿಡುವ ಹೈಡ್ರೋಜನ್ ಅಯಾನುಗಳು ನೀರಲ್ಲಿದ್ದ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತವೆ. ಚಿಪ್ಪಿಗೆ ಬೇಕಾದದ್ದು ಆ ಕಾರ್ಬೊನೇಟೇ. ಅದು ಕಡಿಮೆಯಾದರೆ ಚಿಪ್ಪು ಕಟ್ಟಲು ಆಗುವುದೇ ಇಲ್ಲ ಅಂತಲ್ಲ. ಶಕ್ತಿಯ ಖರ್ಚು ಜಾಸ್ತಿ. ದೊಡ್ಡ ಸಿಂಪಿ ಹೇಗೋ ನಿಭಾಯಿಸುತ್ತದೆ. ಮರಿ?

ಇಲ್ಲಿ ನಿಲ್ಲಿ, ಇಲ್ಲಿ ಎರಡು ಪುಟ ಬರೆಯಿರಿ. ಪೆಸಿಫಿಕ್ ಸಿಂಪಿಯನ್ನೇ ತಗೊಳ್ಳಿ. ಮೊಟ್ಟೆ ಫಲಿತವಾದ ಗಳಿಗೆಯಿಂದ ಲೆಕ್ಕ ಶುರು. 48 ಗಂಟೆಯೊಳಗೆ ಅದರ ಮೈತೂಕದ ಸುಮಾರು ಶೇ. 90 ಚಿಪ್ಪೇ ಆಗಿರಬೇಕು. ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗವೂ ಇಲ್ಲದ ಜೀವ, ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಎರಡು ಹೋಳು ಕಟ್ಟಿ ಕೀಲು ಕೂರಿಸಿಕೊಳ್ಳುತ್ತದೆ. ಅಲ್ಲಿವರೆಗೆ ಅದಕ್ಕೆ ತಿನ್ನಲು ಬರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಎಲ್ಲ ಆಗಬೇಕು. ಸಾಲದ್ದಕ್ಕೆ ಈ ಮೊದಲ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪವಾದ ಅರಗೊನೈಟ್‌ದು. ದೊಡ್ಡ ಸಿಂಪಿಯ ಚಿಪ್ಪು ಹೆಚ್ಚಾಗಿ ಇನ್ನೊಂದು ರೂಪವಾದ ಕ್ಯಾಲ್ಸೈಟ್, ಅದು ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಅರಗೊನೈಟ್ ಬೇಗ ಕರಗುತ್ತದೆ. ಕಾರ್ಬೊನೇಟ್ ಕಡಿಮೆ ಇರುವ ನೀರಲ್ಲಿ ಬುತ್ತಿಯೆಲ್ಲ ಚಿಪ್ಪಿಗೇ ಹೋಗುತ್ತದೆ, ಈಜಲು, ಬೆಳೆಯಲು, ಮೊದಲ ತುತ್ತು ಹುಡುಕಲು ಏನೂ ಉಳಿಯುವುದಿಲ್ಲ. ಇದನ್ನು ಹೀಗೇ ಗಂಟೆ ಗಂಟೆಯಾಗಿ ಬರೆದರೆ ನಿಮಗೆ ಕಡಲಮ್ಮನ ಕಣ್ಣೀರು ಬೇಕಾಗುವುದೇ ಇಲ್ಲ.

ಅಮೆರಿಕದ ಹ್ಯಾಚರಿಯ, ಅಂದರೆ ಸಿಂಪಿ ಮರಿ ಮಾಡುವ ಕೇಂದ್ರದ, ಕಥೆಯನ್ನು "ಬಿಸಿಯಿಂದ ಮರಿಗಳು ಸತ್ತವು" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ, ಅದೂ ತಪ್ಪಾಗಿ. ಅದು ಒರೆಗಾನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ವಿಸ್ಕಿ ಕ್ರೀಕ್ ಹ್ಯಾಚರಿ. 2007–08ರಲ್ಲಿ ತೊಟ್ಟಿಗಟ್ಟಲೆ ಮರಿಗಳು ಸತ್ತವು. ಮೊದಲು ಎಲ್ಲರ ಅನುಮಾನ ವಿಬ್ರಿಯೊ ಬ್ಯಾಕ್ಟೀರಿಯಾ ಮೇಲೆ. ಅದನ್ನು ಹತೋಟಿಗೆ ತಂದರೂ ಸಾವು ನಿಲ್ಲಲಿಲ್ಲ. ಕೊನೆಗೆ ಗೊತ್ತಾಗಿದ್ದು ಏನೆಂದರೆ, ಗಾಳಿ ಮೇಲ್ನೀರನ್ನು ದಡದಿಂದ ಆಚೆ ತಳ್ಳಿದಾಗ ಆಳದ ನೀರು ಮೇಲೆ ಬರುತ್ತಿತ್ತು, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿತ್ತು. ಆ ನೀರು ತಣ್ಣಗಿತ್ತು! ಬಿಸಿಯ ಮಾತೇ ಇಲ್ಲ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು ಹ್ಯಾಚರಿಯವರ ಜೊತೆ ಸೇರಿ ನೀರು ಅಳೆದರು, 2012ರಲ್ಲಿ ಪ್ರಬಂಧ ಬಂತು. ಕೊಲ್ಲಿಯ ಹುಲ್ಲು ಹಗಲಿಡೀ ಕಾರ್ಬನ್ ಡೈಆಕ್ಸೈಡ್ ಹೀರುವುದರಿಂದ ಬೆಳಗಿನ ನೀರಿಗಿಂತ ಮಧ್ಯಾಹ್ನದ ನೀರು ಮರಿಗಳಿಗೆ ವಾಸಿ ಅಂತಲೂ ತಿಳಿಯಿತು. ಈಗ ಅಲ್ಲಿ ಆಮ್ಲತೆ ತಗ್ಗಿಸಲು ನೀರಿಗೆ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಬೆರೆಸಿ ಮರಿ ಬೆಳೆಸುತ್ತಾರೆ. ಇಂಥ ಕಥೆ ಕೈಯಲ್ಲಿ ಇಟ್ಟುಕೊಂಡು ಒಂದು ಸಾಲಲ್ಲಿ ಮುಗಿಸುತ್ತಾರಾ?

ಬಿಸಿಯ ಭಾಗವನ್ನೂ ಸರಿಮಾಡಿ. "ಬಿಸಿ ನೀರಲ್ಲಿ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಕರಗುತ್ತದೆ" ಅನ್ನುವುದು ಉಲ್ಟಾ. ಬಿಸಿಯಾದ ಸೋಡಾ ಬಾಟಲಿ ಮುಚ್ಚಳ ತೆಗೆದರೆ ಉಕ್ಕುತ್ತದಲ್ಲ, ಅಷ್ಟೇ ವಿಷಯ. ಬಿಸಿಯ ಕಾಟ ಬೇರೆ. ಒಂದು ಮಟ್ಟದವರೆಗೆ ಮರಿ ಬೇಗ ಬೆಳೆಯುತ್ತದೆ, ನಿಜ. ಅದು ದಾಟಿದರೆ ಮೈಯ ಖರ್ಚು ಏರುತ್ತದೆ, ನೀರಲ್ಲಿ ಆಮ್ಲಜನಕ ಇಳಿಯುತ್ತದೆ, ವಿಬ್ರಿಯೊಗೂ ಹುರುಪು ಬರುತ್ತದೆ. ಅದೇ ಬುತ್ತಿಗೆ ಇನ್ನೊಂದು ಬಾಯಿ.

"ಮುಂದೊಂದು ದಿನ" ಅಂತ ಶುರುವಾಗುವ ಸಾಲುಗಳೂ ಜಾಸ್ತಿ ಇವೆ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ಯೂನಿವರ್ಸಿಟಿಯವರ 2010ರ ಪ್ರಯೋಗ ನೋಡಿ. ಒಂದು ಜಾತಿಯ ಕಪ್ಪೆಚಿಪ್ಪು, ಒಂದು ಜಾತಿಯ ಸ್ಕ್ಯಾಲಪ್ (ಬೀಸಣಿಗೆ ಆಕಾರದ ಚಿಪ್ಪಿನದು), ಎರಡರ ಮರಿಗಳನ್ನೂ ಕೈಗಾರಿಕೆಗಳಿಗೂ ಹಿಂದಿನ ಕಾಲದಷ್ಟು, ಅಂದರೆ ಹತ್ತು ಲಕ್ಷಕ್ಕೆ ಸುಮಾರು 250 ಭಾಗ ಕಾರ್ಬನ್ ಡೈಆಕ್ಸೈಡ್ ಇರುವ ಮಟ್ಟದಲ್ಲಿ ಬೆಳೆಸಿದರು. ಪ್ರಯೋಗ ನಡೆದ ಹೊತ್ತಿನ ಮಟ್ಟದಲ್ಲಿ ಬೆಳೆದವಕ್ಕಿಂತ ಅವುಗಳ ಚಿಪ್ಪು ದಪ್ಪ, ಬದುಕಿದವೂ ಹೆಚ್ಚು. ಅಂದರೆ ನಷ್ಟ ಆಗಲೇ ಶುರುವಾಗಿದೆ. ಆದರೆ "ಎಲ್ಲ ಚಿಪ್ಪುಜೀವಿಗಳೂ ನಾಶ" ಅಂತ ಬರೆಯಬೇಡಿ. ಆಸ್ಟ್ರೇಲಿಯಾದಲ್ಲಿ ಆರಿಸಿ ಬೆಳೆಸಿದ ಸಿಡ್ನಿ ರಾಕ್ ಸಿಂಪಿಯ ಕೆಲವು ವಂಶಗಳು ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುವ ನೀರನ್ನು ಬೇರೆಯವಕ್ಕಿಂತ ಚೆನ್ನಾಗಿ ತಾಳಿಕೊಂಡಿವೆ. ಅದಕ್ಕೂ ನಾಲ್ಕು ಸಾಲು ಕೊಡಿ.

ಕೊನೆಯ ಕವನ ಸುಮ್ನೆ ತೆಗೆದುಬಿಡಿ. "ಮೃದ್ವಂಗಿ" ಒಂದು ಸಲ ಸಾಕು, ಆಮೇಲೆ ಸಿಂಪಿ, ಕಪ್ಪೆಚಿಪ್ಪು ಅಂತಲೇ ಬರೆಯಿರಿ. ಸಾವಿರದ ಇನ್ನೂರು ಪದ ದಾಟದ ಹಾಗೆ ನೋಡಿಕೊಂಡು ಮತ್ತೆ ಕಳಿಸಿ. ಮೊದಲ ಸಾಲಿನಲ್ಲೇ ಆ ಮರಿ ಇರಲಿ.