ಐಪಿಒಗೆ ದುಡ್ಡು ಹಾಕಲಾ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಿಂದ ದಿನಾ ಲೋಕಲ್ ರೈಲಿನಲ್ಲಿ ಓಡಾಡುತ್ತೇನೆ. ಗ್ರೇ ಮಾರ್ಕೆಟ್‌ನಲ್ಲಿ (ಷೇರು ಪೇಟೆಗೆ ಬರುವ ಮುಂಚೆಯೇ ಹೊರಗಡೆ ನಡೆಯುವ ವ್ಯವಹಾರ) ಪ್ರೀಮಿಯಂ, ಅಂದರೆ ಕಂಪನಿಯ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ದುಡ್ಡು, ಜಾಸ್ತಿ ಇದೆ, ಕಣ್ಣು ಮುಚ್ಚಿ ಐಪಿಒಗೆ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಹಾಕು ಅಂತಾರೆ ಜೊತೆಯವರು. ಹಾಕಲಾ ಸರ್?

ಉತ್ತರ: ಕಣ್ಣು ಮುಚ್ಚಿ ಮಾತ್ರ ಬೇಡ. ಗ್ರೇ ಮಾರ್ಕೆಟ್ ಷೇರು ಪೇಟೆಯ ನಿಯಂತ್ರಕ ಸೆಬಿಯ ಹಿಡಿತದಲ್ಲಿಲ್ಲ, ಆ ರೇಟು ಬರೀ ಬಾಯಿಮಾತು. 2021ರಲ್ಲಿ ಪೇಟಿಎಂ ಷೇರನ್ನು 2,150 ರೂಪಾಯಿಗೆ ಕೊಟ್ಟರು, ಮೊದಲ ದಿನವೇ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ಮರುವರ್ಷ ಎಲ್‌ಐಸಿ ಷೇರು 949 ರೂಪಾಯಿಗೆ ಬಂತು, ಪೇಟೆಯಲ್ಲಿ ಅದೂ ಅದಕ್ಕಿಂತ ಕೆಳಗಿನ ಬೆಲೆಗೇ ಶುರುವಾಯಿತು. ಪ್ರಾಸ್ಪೆಕ್ಟಸ್ (ಕಂಪನಿ ಕೊಡುವ ಐಪಿಒ ವಿವರದ ಪುಸ್ತಕ) ತೆಗೆದು ‘ಆಫರ್ ಫಾರ್ ಸೇಲ್’, ಅಂದರೆ ಹಳೆ ಷೇರುದಾರರು ಮಾರುವ ಪಾಲು, ಎಷ್ಟಿದೆ ನೋಡಿ. ಆ ದುಡ್ಡು ಕಂಪನಿಗೆ ಹೋಗುವುದಿಲ್ಲ, ಅವರ ಜೇಬಿಗೆ ಹೋಗುತ್ತದೆ. ಅದೇ ಜಾಸ್ತಿ ಇದ್ದು ಕಂಪನಿಗೆ ಲಾಭವೂ ಕಾಣದಿದ್ದರೆ ನಾನಂತೂ ಹಾಕುವುದಿಲ್ಲ. ಇಷ್ಟಕ್ಕೂ ಒಳ್ಳೆ ಕಂಪನಿಯಾದರೆ ಷೇರು ಪೇಟೆಯಲ್ಲಿ ಲಿಸ್ಟ್ ಆದ ಮೇಲೂ ಕೊಳ್ಳಬಹುದು, ಅಲ್ವಾ?