ಕೇಳಿ, ಅಕ್ಕ ಹೇಳ್ತಾಳೆ: ಗುಂಗುರು ಕೂದಲು ನೇರ ಮಾಡಿಸೋದಾ, ಬೇಡ್ವಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 24 ವರ್ಷ. ಕಲಬುರಗಿಯ ಖಾಸಗಿ ಶಾಲೆಯಲ್ಲಿ ಟೀಚರ್. ಸೊಂಟದವರೆಗೆ ಗುಂಗುರು ಕೂದಲು, ತುಂಬಾ ದಟ್ಟ. ಬೆಳಿಗ್ಗೆ ಸಿಕ್ಕು ಬಿಡಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮುಂದಿನ ತಿಂಗಳು ನಿಶ್ಚಯ, ಅದಾದ ಆರು ತಿಂಗಳಿಗೆ ಮದುವೆ. ಹುಡುಗನ ಅಕ್ಕ ಫೋನಿನಲ್ಲಿ "ಕೂದಲು ಸೀದಾ ಮಾಡಿಸ್ಕೋ, ಫೋಟೊದಾಗ ಛಂದ ಕಾಣ್ತದ" ಅಂದರು. ಪಾರ್ಲರಿನಲ್ಲಿ ರೀಬಾಂಡಿಂಗಿಗೆ ಏಳು ಸಾವಿರ ಹೇಳಿದ್ದಾರೆ. ಅವ್ವ ಬೇಡವೇ ಬೇಡ ಅಂತಾಳೆ. ಪ್ರತಿ ತಿಂಗಳು ಮೆಹಂದಿ ಹಚ್ಚುವ ರೂಢಿ ಇದೆ. ಮಾಡಿಸಲಾ, ಬಿಡಲಾ?

ಉತ್ತರ: ನಿಶ್ಚಯಕ್ಕೆ ಅಂತಾದರೆ ಬೇಡ, ತಂಗಿ. ದಿನಾ ಬೆಳಿಗ್ಗೆಯ ಸಿಕ್ಕು ನಿಜವಾಗಿಯೂ ಸಾಕಾಗಿದ್ದರೆ ಆಗ ಯೋಚನೆ ಮಾಡಬಹುದು, ಆದರೆ ಮದುವೆ ಮುಗಿದ ಮೇಲೆ, ಮೆಹಂದಿ ಬಿಟ್ಟ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಕೂದಲಿನ ಒಳಗೆ ಗಂಧಕದ ಕೊಂಡಿಗಳಿರುತ್ತವೆ, ಗುಂಗುರು ಅದೇ ಆಕಾರದಲ್ಲಿ ನಿಲ್ಲುವುದು ಅವುಗಳಿಂದ. ರೀಬಾಂಡಿಂಗಿನ ಮೊದಲ ಕ್ರೀಮ್ ಆ ಕೊಂಡಿಗಳನ್ನು ಬಿಡಿಸುತ್ತದೆ, ಬಿಸಿ ಇಸ್ತ್ರಿ ಕೂದಲನ್ನು ನೇರ ಎಳೆಯುತ್ತದೆ, ಎರಡನೇ ಕ್ರೀಮ್ ಹೊಸ ಜಾಗದಲ್ಲಿ ಕೊಂಡಿ ಹಾಕುತ್ತದೆ. ಬಿಟ್ಟ ಕೊಂಡಿಗಳೆಲ್ಲ ವಾಪಸ್ ಬೀಳುವುದಿಲ್ಲ, ಹಾಗಾಗಿ ಎಷ್ಟೇ ಚೆನ್ನಾಗಿ ಮಾಡಿದರೂ ಕೂದಲು ಮೊದಲಿಗಿಂತ ಸ್ವಲ್ಪ ಬಲ ಕಳೆದುಕೊಂಡೇ ಇರುತ್ತದೆ. ಒಮ್ಮೆ ನೇರವಾದದ್ದು ಮತ್ತೆ ಗುಂಗುರಾಗುವುದಿಲ್ಲ, ಅದನ್ನು ಕತ್ತರಿಸಬೇಕಷ್ಟೆ.

ಬುಡದಿಂದ ಬರುವುದು ಮಾತ್ರ ನಿನ್ನ ಗುಂಗುರೇ. ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಚೂರು ಜಾಸ್ತಿ ಬೆಳೆಯುತ್ತದೆ ಅಂತಿಟ್ಟುಕೋ. ಈಗ ಮಾಡಿಸಿದರೆ ಮದುವೆ ಹೊತ್ತಿಗೆ ನೆತ್ತಿಯ ಹತ್ತಿರ ಸುಮಾರು ಮೂರು ಇಂಚು ಗುಂಗುರು, ಕೆಳಗೆಲ್ಲ ಕಡ್ಡಿಯ ಹಾಗೆ ನೇರ. ಎರಡೂ ಸೇರುವ ಜಾಗದಲ್ಲೇ ಕೂದಲು ಜಾಸ್ತಿ ತುಂಡಾಗುವುದು. ಆಗ ಬುಡಕ್ಕೆ ಟಚ್-ಅಪ್ ಬೇಕು, ಅದೂ ಹೊಸದಾಗಿ ಬೆಳೆದಷ್ಟಕ್ಕೇ ಹಚ್ಚಬೇಕು. ಹಳೆಯ ನೇರ ಕೂದಲಿಗೆ ಕ್ರೀಮ್ ತಗುಲಿದರೆ ಅಲ್ಲಿಂದಲೇ ಮುರಿಯುತ್ತದೆ. ನಿನಗೆ ಹೇಳಿದ ಏಳು ಸಾವಿರ ಮೊದಲ ಸಲದ ಲೆಕ್ಕ ಮಾತ್ರ ಅಲ್ವಾ? ಟಚ್-ಅಪ್‌ಗೆ ಎಷ್ಟು ಅಂತ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಇನ್ನೊಂದು ಮಾತು. ಮದುವೆ ದಿನ ಜಡೆ ಹಾಕಿ ಮಲ್ಲಿಗೆ ದಂಡೆ ಮುಡಿಸುತ್ತಾರೆ. ರೀಬಾಂಡಿಂಗ್ ಆದ ಕೂದಲಲ್ಲಿ ಪಿನ್ನು ನಿಲ್ಲುವುದಿಲ್ಲ, ಹೂವು ಜಾರುತ್ತದೆ, ಜಡೆ ಸಣ್ಣದಾಗಿ ಕಾಣುತ್ತದೆ ಅಂತ ಒಳಗೆ ಚೌರಿ ಸೇರಿಸಬೇಕಾಗುತ್ತದೆ. ದೇವರು ಇಷ್ಟು ದಟ್ಟ ಕೂದಲು ಕೊಟ್ಟಿರುವಾಗ ಚೌರಿ ಯಾಕೆ ಬೇಕು ನಿನಗೆ!

ಮೆಹಂದಿ ವಿಷಯ ಪಾರ್ಲರಿನವರಿಗೆ ಹೇಳಿದ್ದೀಯಾ? ಶುದ್ಧ ಮೆಹಂದಿ ಸೊಪ್ಪಿನ ಪುಡಿಯಾದರೂ ಕೂದಲ ಮೇಲೆ ಪದರ ಕಟ್ಟುತ್ತದೆ, ಕ್ರೀಮ್ ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯುವುದಿಲ್ಲ. ಅಂಗಡಿಯ ಕಪ್ಪು ಮೆಹಂದಿ ಪ್ಯಾಕೆಟ್ ಇನ್ನೂ ಅಪಾಯ. ಕೆಲವದರಲ್ಲಿ ಲೋಹದ ಲವಣ ಇರುತ್ತದೆ. ಎರಡನೇ ಕ್ರೀಮಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅದಕ್ಕೆ ಸೇರಿದರೆ ಕೂದಲು ಬಿಸಿಯಾಗಿ ಹಾಳಾಗಬಹುದು. ಇದನ್ನು ಕೇಳದೆ "ಬಾ ಕೂತ್ಕೋ" ಅನ್ನುವ ಪಾರ್ಲರಿಗೆ ಹೋಗಲೇಬೇಡ.

ಹಾಗಾದರೆ ಕೆರಾಟಿನ್ ಮಾಡಿಸಲಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀಯ, ಗೊತ್ತು. ಅದು ದ್ರಾವಣ ಹಚ್ಚಿ ಇಸ್ತ್ರಿ ಬಿಸಿಯಿಂದ ಕೂದಲು ನಯ ಮಾಡುವುದು. ಮೂರರಿಂದ ಐದು ತಿಂಗಳು ಇರುತ್ತದೆ, ಗುಂಗುರು ಪೂರ್ತಿ ಹೋಗುವುದಿಲ್ಲ. ಆದರೆ ಹಲವು ಕೆರಾಟಿನ್ ದ್ರಾವಣಗಳು ಇಸ್ತ್ರಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಕಣ್ಣು ಉರಿದು ನೀರು ಬರುವುದು ಅದಕ್ಕೇ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಡಬ್ಬಿಯ ಮೇಲೆ "ಫಾರ್ಮಾಲ್ಡಿಹೈಡ್ ಇಲ್ಲ" ಅಂತಿದ್ದರೂ ಪಟ್ಟಿಯಲ್ಲಿ ಮೆಥಿಲೀನ್ ಗ್ಲೈಕಾಲ್ ಇದೆಯಾ ನೋಡು, ಬಿಸಿಯಾದರೆ ಎರಡೂ ಒಂದೇ. ಗ್ಲೈಆಕ್ಸಿಲಿಕ್ ಆಸಿಡ್ ಇದ್ದರೆ ಅದೂ ಬೇಡ. ಅದು ಇದ್ದ ಕ್ರೀಮಿನಿಂದ ಕೂದಲು ನೇರ ಮಾಡಿಸಿಕೊಂಡ 26 ವರ್ಷದ ಹುಡುಗಿಯೊಬ್ಬಳಿಗೆ, 2020, 2021, 2022ರಲ್ಲಿ ಮೂರು ಸಲವೂ ಕಿಡ್ನಿ ತೊಂದರೆ ಆದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಬರೆದಿದ್ದಾರೆ. ಹೆದರಿಸಲು ಹೇಳುತ್ತಿಲ್ಲ ತಂಗಿ. ಕಿಟಕಿ ಇಲ್ಲದ ಎಸಿ ಕೋಣೆಯಲ್ಲಿ ಗಂಟೆಗಟ್ಟಲೆ ಕೂರುವವಳು ನೀನು, ತಲೆಗೆ ಏನು ಹಚ್ಚುತ್ತಾರೆ ಅಂತ ಓದುವ ಹಕ್ಕು ನಿನಗಿದೆ.

ಮುಂದೆ ಮಾಡಿಸುವುದಾದರೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡು. ಬಾಚಣಿಗೆಯಲ್ಲಿ ಉದುರಿದ ಒಂದು ಕೂದಲು ತೆಗೆದುಕೊಂಡು ಒದ್ದೆ ಮಾಡು, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆ. ಸ್ವಲ್ಪ ಹಿಗ್ಗಿ, ಬಿಟ್ಟ ಕೂಡಲೇ ಮೊದಲಿನ ಅಳತೆಗೆ ಬಂದರೆ ಕೂದಲಲ್ಲಿ ಶಕ್ತಿ ಇದೆ. ಚೂಯಿಂಗ್ ಗಮ್ಮಿನಂತೆ ಉದ್ದವಾಗುತ್ತಾ ಹೋಗಿ ಪಟ್ ಅಂದರೆ ಯಾವ ಕ್ರೀಮೂ ಬೇಡ. ಪಾರ್ಲರಿನಲ್ಲೂ ಕಿವಿಯ ಹಿಂದಿನ ಸಣ್ಣ ಎಳೆಗೆ ಮೊದಲು ಹಚ್ಚಿ ತೋರಿಸಲು ಹೇಳು.

ನಿಶ್ಚಯದ ದಿನಕ್ಕೆ ಸುಮ್ನೆ ಬ್ಲೋ ಡ್ರೈ ಸಾಕು, ತೊಳೆದರೆ ಹೋಗುತ್ತದೆ. ದಿನದ ಸಿಕ್ಕಿಗೆ: ತಲೆ ಸ್ನಾನದಲ್ಲಿ ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸು, ರಾತ್ರಿ ಸಡಿಲ ಜಡೆ ಹಾಕಿ ಮಲಗು. ಹುಡುಗನ ಅಕ್ಕನಿಗೆ "ನಂಗ ಹಿಂಗೇ ಛಂದ ಅನಸ್ತದ ಅಕ್ಕಾ" ಅಂತ ನಗುತ್ತಾ ಹೇಳಿಬಿಡು. ಈಗಲೇ ಹೇಳುವುದು ಸುಲಭ.

ಪ್ರಶ್ನೆ: ಬೀದರಿನಿಂದ. ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಕುಡಿಸುತ್ತಿದ್ದೇನೆ. ಕೂದಲು ಕೈಗೆ ಕೈಗೆ ಬರುತ್ತಿದೆ. ಕೆರಾಟಿನ್ ಮಾಡಿಸಿದರೆ ನಿಲ್ಲುತ್ತದಾ?

ಉತ್ತರ: ನಿಲ್ಲುವುದಿಲ್ಲಮ್ಮ, ಈಗ ಮಾಡಿಸಲೂಬಾರದು. ಬಾಣಂತಿಯರಿಗೆ ಹೆರಿಗೆಯಾದ ಎರಡು ಮೂರು ತಿಂಗಳ ಮೇಲೆ ಹೀಗೆ ಉದುರುವುದು ಸಹಜ. ಬಸುರಿನಲ್ಲಿ ಉದುರದೆ ನಿಂತಿದ್ದ ಕೂದಲು ಒಟ್ಟಿಗೇ ಉದುರುತ್ತದೆ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ. ಆಗಲೂ ನಿಲ್ಲದಿದ್ದರೆ, ಅಥವಾ ಈಗಲೇ ತುಂಬಾ ಸುಸ್ತು ಇದ್ದರೆ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಯಾದಗಿರಿಯಿಂದ. ಮೊನ್ನೆ ರೀಬಾಂಡಿಂಗ್ ಆಯಿತು. ನಮ್ಮದು ಬೋರಿನ ಗಡಸು ನೀರು. ಕೂದಲು ಹಾಳಾಗದಂತೆ ಏನು ಮಾಡಲಿ?

ಉತ್ತರ: ಮೂರು ದಿನ ನೀರು ತಾಗಿಸಬೇಡಿ, ಕ್ಲಿಪ್ಪು, ರಬ್ಬರ್ ಬೇಡ, ಕಿವಿಯ ಹಿಂದೆ ಕೂಡ ಸಿಕ್ಕಿಸಬೇಡಿ, ಗುರುತು ಉಳಿಯುತ್ತದೆ. ನಮ್ಮ ಕಡೆಯ ಬಿಸಿಲಿಗೆ ಬೆವರದೆ ಇರುವುದು ಕಷ್ಟ, ಆದಷ್ಟು ಫ್ಯಾನಿನ ಕೆಳಗೆ ಇರಿ. ಆಮೇಲೆ ಸ್ನಾನಕ್ಕೆ ಬೋರಿನ ನೀರೇ ಆಗಲಿ, ಕೊನೆಯ ಎರಡು ತಂಬಿಗೆ ಮಾತ್ರ ಕುಡಿಯುವ ಫಿಲ್ಟರ್ ನೀರು ಸುರಿದುಕೊಳ್ಳಿ. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಒದ್ದೆ ಕೂದಲನ್ನು ಟವೆಲ್ಲಿನಿಂದ ಝಾಡಿಸಬೇಡಿ, ಒತ್ತಿ ನೀರು ತೆಗೆಯಿರಿ.